ನಾಲ್ಕು ಬೆರಳು ದೂರ

ವಿರಾಜಪೇಟೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ
ನಾವು ಬೆರಳಲ್ಲಿ ಎಣಿಸುತ್ತೇವೆ.
ಎರಡು ಬೆರಳು ತೆರೆದಿದೆ, ಮೂರು ಬೆರಳು,
ಇನ್ನೂ ಹೊತ್ತಿದೆ, ನಡೆದಾಡಿ.
ಹನ್ನೊಂದು ವರ್ಷದಿಂದ ರಾತ್ರಿ ಪಾಳಿ ನನ್ನದು;
ಗವಸಿನೊಳಗೆ ಕೈ ಬೆವೆತು ಬೆವೆತು
ಬೆರಳ ತುದಿಯ ಗೆರೆಗಳೇ ಸವೆದಿವೆ,
ಹಾಜರಿ ಯಂತ್ರಕ್ಕೂ ನನ್ನ ಗುರುತಿಲ್ಲ.

ಆ ರಾತ್ರಿ ದಮಯಂತಿಯ ಜೊತೆ ಬಂದವಳು ಚೋಂದಮ್ಮ.
ಅತ್ತೆಯಲ್ಲ, ಅಮ್ಮನಲ್ಲ, ಪಕ್ಕದ ಮನೆ.
ಕಾಫಿ ಕ್ಯೂರಿಂಗಿನಲ್ಲಿ ಇಪ್ಪತ್ತಾರು ವರ್ಷ
ಬೀಜ ಆರಿಸಿದ ಕೈ:
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದದ್ದು,
ಕಣ್ಣು ಬೇಡ ಸಿಸ್ಟರ್, ಮುಟ್ಟಿದರೆ ಸಾಕು.
ಕೆಲಸ ಬಿಟ್ಟ ವರ್ಷ ಮಡಿಕೇರಿಗೆ ಬಸ್ಸು ಹಿಡಿದು
ಎರಡು ದಿನದ ರೇಕಿ ಕಲಿತು ಬಂದಳಂತೆ.
ಸರ್ಟಿಫಿಕೇಟನ್ನು ನಾಲ್ಕಾಗಿ ಮಡಚಿ
ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡಿದ್ದಳು.

ಏಳನೇ ತಿಂಗಳಿಂದ ಮಂಗಳವಾರ ಮಂಗಳವಾರ
ದಮಯಂತಿಯ ತಲೆಯ ಬಳಿ, ಹೆಗಲ ಬಳಿ, ಹೊಟ್ಟೆಯ ಮೇಲೆ
ಮುಟ್ಟದೆ ಕೈ ಹಿಡಿದು ಕೂರುತ್ತಿದ್ದಳಂತೆ.
"ಮಗು ಕೈಯತ್ತ ಹೊರಳುತ್ತೆ, ನೋಡಿ."
ನಾನು ನೋಡಲಿಲ್ಲ. ಬಿಪಿ ನೋಡಿದೆ,
ಮಗುವಿನ ಎದೆಬಡಿತ ಎಣಿಸಿ ಬರೆದೆ.
ಡಾಕ್ಟರು ಹೇಳಿದರು: ಮಾಡಿಕೊಳ್ಳಲಿ ಬಿಡಿ,
ಡ್ರಿಪ್ಪು ಎಳೆಯದಿದ್ದರೆ ಸಾಕು.

ಹೂಮಳೆ ಬಿದ್ದು ಅಂದಿಗೆ ಎಂಟನೇ ದಿನ.
ತೋಟವೆಲ್ಲ ಬಿಳಿ; ಆ ಕಂಪು
ಫಿನೈಲನ್ನೂ ದಾಟಿ ಒಳಗೆ ಬಂದಿತ್ತು.

ನೋವು ಬಂದಾಗಲೆಲ್ಲ ಚೋಂದಮ್ಮನ ಕೈ
ಹೊಟ್ಟೆಯಿಂದ ನಾಲ್ಕು ಬೆರಳು ದೂರ ನಿಲ್ಲುತ್ತಿತ್ತು.
ಒತ್ತುವುದಿಲ್ಲ, ಅಳೆಯುವುದಿಲ್ಲ,
ಗಂಡೋ ಹೆಣ್ಣೋ ಅಂತ ತಡಕುವುದಿಲ್ಲ.
ಹಾಲು ಉಕ್ಕೀತೆಂದು ಒಲೆಯ ಮುಂದೆ ಕಾಯುವವರ ಹಾಗೆ
ಸುಮ್ಮನೆ ಇರುತ್ತಿತ್ತು.
ದಮಯಂತಿ ಕಿರುಚಿದಳು. ಕಿರುಚಿದ್ದು ನಿಜ.
ನೋವು ಹೋಯಿತೆಂದು ನಾನು ಬರೆಯಲಾರೆ.
ಆದರೆ ಒಂದು ನೋವಿಗೂ ಇನ್ನೊಂದಕ್ಕೂ ನಡುವೆ
ಅವಳ ಮುಷ್ಟಿ ಬಿಚ್ಚಿಕೊಳ್ಳುವುದನ್ನು ಕಂಡೆ.
ಅದಕ್ಕೆ ನಮ್ಮ ಚಾರ್ಟಿನಲ್ಲಿ ಕಾಲಂ ಇಲ್ಲ.

ಎರಡೂವರೆಗೆ ಮಗುವಿನ ಬಡಿತ ಇಳಿಯಿತು.
ನೂರಾಹತ್ತು, ತೊಂಬತ್ತಾರು, ಎಂಬತ್ತೆಂಟು.
ಸ್ಟ್ರೆಚರು, ಸಹಿ, ಥಿಯೇಟರಿನ ಬಾಗಿಲು.
ಚೋಂದಮ್ಮ ತಡೆಯಲಿಲ್ಲ;
ಗಾಲಿಯ ಬ್ರೇಕು ಒದ್ದು ಬಿಡಿಸಿದವಳು ಅವಳೇ.
ಆಮೇಲೆ ಕೆಂಪು ದೀಪದ ಕೆಳಗೆ ಎರಡು ಕೈ
ಎಲ್ಲಿರಬೇಕೆಂದು ತಿಳಿಯದೆ ನಿಂತಿದ್ದವು.

"ನಿಮ್ಮ ಶಕ್ತಿ ಎಲ್ಲಿ ಹೋಯ್ತು?" ಎಂದುಬಿಟ್ಟೆ.
ಕೇಳಿದ ಮೇಲೆ ನಾಚಿಕೆಯಾಯಿತು.
"ಡಾಕ್ಟರಮ್ಮನ ಕೈಗೆ ಹೋಗಿರಬೇಕು," ಎಂದಳು,
ತಮಾಷೆಯೋ ಏನೋ.

ಮೂರನೇ ಮಂಚದಲ್ಲಿ ಅಸ್ಸಾಮಿನ ಹುಡುಗಿ,
ಅಮ್ಮತ್ತಿ ಕಡೆಯ ತೋಟದ ಲೈನ್ ಮನೆಯವಳು.
ರಸ್ತೆಯಲ್ಲಿ ಆನೆ ನಿಂತು ಆಂಬುಲೆನ್ಸ್ ಒಂದು ಗಂಟೆ ತಡ.
ಹೆಸರನ್ನು ಎರಡು ಸಲ ತಪ್ಪು ಬರೆದಿದ್ದೆ.
ಅವಳ ಮಾತು ನಮಗಿಲ್ಲ, ನಮ್ಮದು ಅವಳಿಗಿಲ್ಲ;
ಉಸಿರು ಬಿಡು ಎನ್ನಲು ನಾನೇ ಊದಿ ತೋರಿಸುತ್ತಿದ್ದೆ.
ಚೋಂದಮ್ಮ ಅಲ್ಲಿಗೆ ಹೋದಳು.
ಅಂಗೈಯನ್ನು ಗಾಳಿಯಲ್ಲಿ ಹಿಡಿದು
ಹುಬ್ಬೆತ್ತಿದಳು: ಇಡಲಾ?

ಹನ್ನೊಂದು ವರ್ಷದಲ್ಲಿ ನಾನು ಯಾರನ್ನೂ ಹಾಗೆ ಕೇಳಿಲ್ಲ.

ಹುಡುಗಿ ನೋಡಿದಳು. ಆಮೇಲೆ ಆ ಕೈಯನ್ನು
ತಾನೇ ಹಿಡಿದೆಳೆದು ಸೊಂಟಕ್ಕೆ ಒತ್ತಿಕೊಂಡಳು,
ನಾಲ್ಕು ಬೆರಳಿನ ದೂರವನ್ನು
ಒಂದೇ ಏಟಿಗೆ ಮುಗಿಸಿ.

ಥಿಯೇಟರಿನಿಂದ ಅಳು ಕೇಳಿತು. ಹೆಣ್ಣು, ಎರಡು ಕಿಲೋ ಎಂಟುನೂರು.
ಚೋಂದಮ್ಮ ಕತ್ತು ತಿರುಗಿಸಿ ನಕ್ಕಳು;
ಕೈ ತೆಗೆಯಲಿಲ್ಲ.

ಬೆಳಿಗ್ಗೆ ಕೇಳಿ ಕೇಳಿ ರಿಜಿಸ್ಟರು ತಿದ್ದಿದೆ: ಜೊನಾಕಿ.

ನನಗೆ ಈಗಲೂ ರೇಕಿ ಗೊತ್ತಿಲ್ಲ.
ಜಪಾನಿನಿಂದ ಏನು ಹರಿದು ಬಂತೋ,
ಕ್ಯೂರಿಂಗಿನ ಧೂಳಿನಿಂದ ಏನು ಬಂತೋ.
ಗವಸು ತೊಡುವ ಮೊದಲು ಕೈ ಉಜ್ಜಿಕೊಳ್ಳುತ್ತೇನೆ,
ಬಿಸಿಯಾಗುವವರೆಗೆ.
ಕೇಳುತ್ತೇನೆ: ನೋಡಲಾ?
ಕೆಲವರು ಬೇಡ ಅನ್ನುತ್ತಾರೆ. ಆಗ
ಎರಡು ನಿಮಿಷ ಕಾಯುತ್ತೇನೆ.